ಬಾಯಿಲ್ಲದ ಚಾನೆಲ್ ಒಂದಿರಲಿ

ಟ್ಯಾಂಕರ್, ಆಂಬ್ಯುಲೆನ್ಸ್, ಕಂಪನಿ ಬಸ್ಸುಗಳಲ್ಲಿ ಕೂರಿಸುವ ವೈರ್‌ಲೆಸ್ ಸೆಟ್ಟಿನ ಮೈಕಿಗೆ ಒಂದು ಬಟನ್ ಇರುತ್ತದೆ. ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಆ ಬಟನ್ ಒತ್ತಿದರೂ ಮಾತು ಹೊರಡದ, ಬರೀ ಕೇಳಲಿಕ್ಕೆಂದೇ ಇರುವ ಚಾನೆಲ್ಲನ್ನು ಸೆಟ್ಟಿಗೆ ಸೇರಿಸಲು ಬರುತ್ತದೆ. ಸೆಟ್ ಪ್ರೋಗ್ರಾಂ ಮಾಡುವಾಗ ಕಳಿಸುವ ಕಂಪನಾಂಕದ ಖಾನೆಯನ್ನು ಖಾಲಿ ಬಿಟ್ಟರಾಯಿತು. ಇದನ್ನು ದಂಡದ ಕೆಲಸ ಎನ್ನುವವರೇ ಹೆಚ್ಚು. ಡ್ರೈವರನಿಗೆ ತನ್ನ ಕಂಪನಿಯ ಚಾನೆಲ್ ಸಾಕು, ಉತ್ತರ ಕೊಡಲಾಗದ ಮಾತು ಕೇಳಿ ಅವನು ಮಾಡುವುದಾದರೂ ಏನು, ಗಾಬರಿಗೊಳ್ಳುತ್ತಾನಷ್ಟೆ ಎಂಬುದು ಅವರ ವಾದ. ಅನುಭವದಿಂದ ಬಂದ ವಾದವೇ ಸರಿ. ಆದರೂ ನನಗೆ ಒಪ್ಪಿಗೆಯಾಗುತ್ತಿಲ್ಲ.

ಒಪ್ಪಿಗೆಯಾಗದಿರುವುದಕ್ಕೆ ನವಿ ಮುಂಬಯಿಯ ರಬಾಳೆಯೇ ಕಾರಣ. ಠಾಣೆ–ಬೇಲಾಪುರ ರಸ್ತೆಯ ಪೂರ್ವಕ್ಕೆ ಪಾರಸಿಕ್ ಗುಡ್ಡದ ಬುಡದವರೆಗೆ ಎಂಐಡಿಸಿ ಕೈಗಾರಿಕಾ ಪ್ರದೇಶ, ಪಶ್ಚಿಮಕ್ಕೆ ಗೋಠಿವಲಿ, ಘಣಸೋಲಿಯ ಮನೆಗಳು, ಅದರಾಚೆ ಖಾಡಿ, ಎಂದರೆ ಸಮುದ್ರದ ಹಿನ್ನೀರು. ಹಗಲು ಖಾಡಿಯ ಕಡೆಯಿಂದ ಬರುವ ಗಾಳಿ ಚಳಿಗಾಲದ ರಾತ್ರಿಗಳಲ್ಲಿ ತಿರುಗಿ ಗುಡ್ಡದ ಕಡೆಯಿಂದ ಮನೆಗಳತ್ತ ಇಳಿಯುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಕ್ಕೆ ಅಂಟಿಕೊಂಡೇ ಹರಿಯುತ್ತದೆ, ಅಮೋನಿಯಾ ಹಗುರ. ಹಾಗಾಗಿ ಸೋರಿಕೆಯಾದಾಗ ಲಾರಿಯವನಿಗೆ ಬೇಕಾದದ್ದು ಎರಡೇ ಸಂಗತಿ: ಸೋರಿದ್ದೇನು, ಗಾಳಿ ಯಾವ ಕಡೆಗೆ. ಅವನು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಎಲ್ಲಿ ನಿಲ್ಲಬೇಕು, ಯಾವ ದಾರಿ ಹಿಡಿಯಬಾರದು ಎಂದು ಗೊತ್ತಾದರೆ ಸಾಕು. 1984ರಲ್ಲಿ ಭೋಪಾಲದ ಜನ ಗಾಳಿ ಬೀಸಿದ ದಿಕ್ಕಿಗೇ ಓಡಿದ್ದು ಕಾಲಿನಲ್ಲಿ ಕಸುವಿಲ್ಲದೆ ಅಲ್ಲ, ಯಾರೂ ಹೇಳದೆ. ಅಷ್ಟು ದೂರ ಏಕೆ, 2016ರ ಮೇ 26 ಮತ್ತು 2024ರ ಮೇ 23ರ ಕೆಮಿಕಲ್ ಕಾರ್ಖಾನೆ ಸ್ಫೋಟಗಳನ್ನು ಡೊಂಬಿವಲಿಯವರು ಮರೆತಿಲ್ಲ.

ಇನ್ನು 'ಉತ್ತರ ಕೊಡಲಾಗದ' ಎಂಬ ಆಕ್ಷೇಪ. ನನ್ನ ಲೆಕ್ಕದಲ್ಲಿ ಅದೇ ಈ ಚಾನೆಲ್ಲಿನ ಗುಣ. ಅವಘಡದ ಹೊತ್ತಿನಲ್ಲಿ ವೈರ್‌ಲೆಸ್ ಕೆಡುವುದು ಕೇಳುವವರಿಂದಲ್ಲ, ಮಾತಾಡುವವರಿಂದ. ಒಂದು ಕಂಪನಾಂಕದಲ್ಲಿ ಒಂದು ಸಲಕ್ಕೆ ಒಂದೇ ದನಿಗೆ ಜಾಗ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಎಫ್‌ಎಂ ಸೆಟ್ಟಿನಲ್ಲಿ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ನುಂಗಿಹಾಕುತ್ತದೆ. ಎರಡೂ ಸಮಬಲವಾದರೆ ಬರೀ ಕಿರ್ರೆನ್ನುವ ಸದ್ದು. ಅಂದರೆ ಗೇಟಿನ ಹತ್ತಿರ ನಿಂತು "ಏನಾಯ್ತು, ಏನಾಯ್ತು" ಎನ್ನುವವನ ದನಿ, ಒಳಗಿನಿಂದ ವಾಲ್ವಿನ ಸ್ಥಿತಿ ಹೇಳುತ್ತಿರುವವನ ದನಿಯನ್ನು ಮುಚ್ಚಬಹುದು. ಪಂಕ್ತಿಯಲ್ಲಿ ಕೂತವರೆಲ್ಲ ಒಮ್ಮೆಲೇ ಸಾರಿಗೆ ಕೂಗಿದರೆ ಬಡಿಸುವವನು ನಿಂತಲ್ಲೇ ನಿಲ್ಲುತ್ತಾನಲ್ಲ, ಹಾಗೆ. ಬಾಯಿ ಕಟ್ಟಿದ ಸೆಟ್ಟಿನಿಂದ ಈ ಕಾಟವಿಲ್ಲ; ನೂರು ಲಾರಿಗಳಿಗೆ ಹಾಕಿದರೂ ಚಾನೆಲ್ಲಿಗೆ ಒಂದು ಗುಂಜಿಯ ಹೊರೆಯಿಲ್ಲ.

ಅಮೆರಿಕದಲ್ಲಿ ದೋಣಿ, ಪಿಕಪ್‌ಗಳ ಎಷ್ಟೋ ಸೆಟ್ಟುಗಳಲ್ಲಿ ಹವಾಮಾನದ ಚಾನೆಲ್‌ಗಳು ಇರುವುದು ಹೀಗೆಯೇ. 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಏಳು ಕಂಪನಾಂಕಗಳು, ಕೇಳಬಹುದು, ಮಾತಾಡುವಂತಿಲ್ಲ. ಚಂಡಮಾರುತದ ಎಚ್ಚರಿಕೆಗೆ ಮೊದಲು 1050 ಹರ್ಟ್ಸ್‌ನ ಸ್ವರವೊಂದು ಬರುತ್ತದೆ. ಎಚ್ಚರಿಕೆಗೆಂದು ಸುಮ್ಮನೆ ಕಾಯುತ್ತಿರುವ ಸೆಟ್ಟು ಆ ಸ್ವರ ಕೇಳಿದೊಡನೆ ತಾನಾಗಿ ಬಾಯಿಬಿಡುತ್ತದೆ. ಡ್ರೈವರನ ಗಮನ ಕದಡುತ್ತದೆ ಎನ್ನುವವರಿಗೆ ಇಲ್ಲೇ ಉತ್ತರವಿದೆ. ನಮ್ಮಲ್ಲಿ ಸಿಗುವ ಸಾಧಾರಣ ಸೆಟ್ಟಿನಲ್ಲೂ ನಿಗದಿತ ಟೋನ್ ಬಂದರೆ ಮಾತ್ರ ಸ್ಪೀಕರ್ ತೆರೆಯುವ ಸೌಲಭ್ಯವಿದೆ. ವರ್ಷವಿಡೀ ಮೌನ, ಬೇಕಾದ ದಿನ ಮಾತು.

ಇಷ್ಟು ಹೇಳಿದ್ದಕ್ಕೆ ಹವ್ಯಾಸಿ 'ಸ್ಕ್ಯಾನ್' ಪ್ರಿಯರು ನನ್ನನ್ನು ತಮ್ಮವನೆಂದುಕೊಳ್ಳುವುದು ಬೇಡ. ಪೊಲೀಸರದ್ದು, ರೈಲ್ವೆಯದ್ದು, ಪಕ್ಕದ ಕಂಪನಿಯದ್ದು ಎಲ್ಲವನ್ನೂ ಕೇಳುತ್ತೇನೆ, ಬರೀ ಕೇಳಿದರೇನು ತಪ್ಪು ಎಂಬ ಅವರ ವಾದ ಕಾನೂನಿನಲ್ಲೂ ನಿಲ್ಲುವುದಿಲ್ಲ, ಕೆಲಸದಲ್ಲೂ ನಿಲ್ಲುವುದಿಲ್ಲ. ನಮ್ಮ 1933ರ ವೈರ್‌ಲೆಸ್ ಕಾಯ್ದೆ ಕಳಿಸುವುದನ್ನಷ್ಟೇ ಅಲ್ಲ, ಕೇಳುವ ಯಂತ್ರ ಇಟ್ಟುಕೊಳ್ಳುವುದನ್ನೂ ಲೈಸೆನ್ಸಿನ ಅಡಿಗೆ ತಂದಿತ್ತು. ಮನೆಯ ರೇಡಿಯೊಗೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿದ ಹಿರಿಯರಿಗೆ ಇದು ನೆನಪಿರಬೇಕು. ಅದರ ಜಾಗಕ್ಕೆಂದು ಬಂದ 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿ ಕೇಳುತ್ತದೆ. 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿಗೆ 2018ರ ನಿಯಮದಲ್ಲಿ ವಿನಾಯಿತಿ ಇದೆಯೆಂದು ಸಿಕ್ಕ ಸೆಟ್ಟಿನಲ್ಲಿ ಸಿಕ್ಕದ್ದನ್ನೆಲ್ಲ ಕೇಳುವಂತಿಲ್ಲ. ಕೆಲಸದ ಮಾತಿಗೆ ಬಂದರೆ, ಸ್ಕ್ಯಾನ್ ಮಾಡುವ ಸೆಟ್ಟು ಮೊದಲು ಸಿಕ್ಕ ಮಾತಿಗೇ ನಿಂತುಬಿಡುತ್ತದೆ. ಅದು "ಎರಡನೇ ಗೇಟಿಗೆ ಗಾಡಿ ಕಳಿಸಿ" ಎಂಬುದನ್ನು ಕೇಳುತ್ತಿರುವಾಗ ಸೋರಿಕೆಯ ಸುದ್ದಿ ಇನ್ನೊಂದು ಚಾನೆಲ್ಲಿನಲ್ಲಿ ಬಂದು ಹೋಗಿರುತ್ತದೆ. ನಾನು ಬೇಡುತ್ತಿರುವುದು ಅವಘಡದ ಸುದ್ದಿಗೆಂದೇ ಇರುವ ಒಂದೇ ಚಾನೆಲ್, ಅದೂ ಅನುಮತಿಯೊಂದಿಗೆ, ಆದ್ಯತೆಯ ಸ್ಥಾನದಲ್ಲಿ.

ಗಾಬರಿಯ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಅರ್ಧ ಕೇಳಿದ ಡ್ರೈವರ್ ಠಾಣೆ–ಬೇಲಾಪುರ ರಸ್ತೆಯ ನಡುವೆ ಲಾರಿ ನಿಲ್ಲಿಸಿ ಓಡಿದರೆ ಬೆಂಕಿ ಆರಿಸುವ ಗಾಡಿಗೂ ದಾರಿ ಇರುವುದಿಲ್ಲ. ಆದರೆ ಈಗೇನು ಅವನಿಗೆ ಸುದ್ದಿ ಮುಟ್ಟುವುದಿಲ್ಲವೇ? ವಾಟ್ಸ್ಆ್ಯಪ್‌ನಲ್ಲಿ ಮುಟ್ಟುತ್ತದೆ, ಬಣ್ಣ ಕಟ್ಟಿಕೊಂಡು. ಸರ್ಕಾರ 2023ರಲ್ಲಿ ದೇಶದ ಮೊಬೈಲುಗಳಲ್ಲಿ ಪರೀಕ್ಷೆಗೆಂದು ಮೊಳಗಿಸಿದ ಎಚ್ಚರಿಕೆ ಒಳ್ಳೆಯ ವ್ಯವಸ್ಥೆಯೇ. ಊರಿಗೆಲ್ಲ ತಿಳಿಸಲು ಅದು ಬೇಕು. ಆದರೆ ನಿಮಿಷ ನಿಮಿಷಕ್ಕೆ ಬದಲಾಗುವ ಗಾಳಿಯ ಸುದ್ದಿಯನ್ನು ಸ್ಥಳದಲ್ಲಿರುವ ಮನುಷ್ಯನೇ ಹೇಳಬೇಕು. ಹಿಂದಿ, ಮರಾಠಿಯಲ್ಲಿ ಎರಡೆರಡು ಸಲ ಹೇಳಿದರೆ ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದ ನಮ್ಮವರಿಗೂ ತಿಳಿಯುತ್ತದೆ.

1996ರ ರಾಸಾಯನಿಕ ಅವಘಡಗಳ ನಿಯಮಗಳು ಕಾರ್ಖಾನೆಗಳು, ಆಡಳಿತ ಸೇರಿಯೇ ತಯಾರಿ ಮಾಡಬೇಕೆನ್ನುತ್ತವೆ. ಠಾಣೆ–ಬೇಲಾಪುರ ಪಟ್ಟಿಯಲ್ಲಿ ಕಂಪನಿಗಳು ಒಬ್ಬರಿಗೊಬ್ಬರು ನೆರವಾಗಲು ಕಟ್ಟಿಕೊಂಡ 'ಮಾರ್ಗ್' ಕೂಟವೂ ಇದೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಬ್ಯಾನರ್ ಕಟ್ಟಿ ಪ್ರತಿಜ್ಞೆ ಮಾಡುವ ಕಂಪನಿಗಳಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಅಣಕು ಕವಾಯತಿನಲ್ಲಿ ಗೇಟಿನ ಹೊರಗೆ ಸಾಲುಗಟ್ಟಿ ನಿಂತ ಟ್ಯಾಂಕರುಗಳನ್ನೂ ಸೇರಿಸಿಕೊಳ್ಳಿ. ನಾಲ್ಕಾರು ಗಾಡಿಗಳಿಗೆ ಈ ಚಾನೆಲ್ ಹಾಕಿಸಿ ನೋಡಿ. ಡ್ರೈವರುಗಳು ಗಾಬರಿಬಿದ್ದರೆ ತೆಗೆದುಹಾಕಿ, ನಾನು ತಕರಾರು ಮಾಡುವುದಿಲ್ಲ.