ತರತಮಗಳ ಪಾಠ

'ಗುಡ್, ಬೆಟರ್, ಬೆಸ್ಟ್' ಎಂಬ ಮೂರು ಮೆಟ್ಟಿಲಿನ ಪಾಠವು ಇಂಗ್ಲೀಷು ವ್ಯಾಕರಣದಲ್ಲಿ ಬಹು ಸುಲಭವಾದುದೆಂದು ಹೆಸರು ಪಡೆದಿದೆ. ಗುಣವಾಚಕಗಳನ್ನು ಮೂರು ಸಾಲಾಗಿ ಬರೆದು, ಅವಕ್ಕೆ 'ಒಳ್ಳೆಯ, ಹೆಚ್ಚು ಒಳ್ಳೆಯ, ಅತ್ಯಂತ ಒಳ್ಳೆಯ' ಎಂದು ಕನ್ನಡದ ಅರ್ಥವನ್ನು ಕೊಟ್ಟು, ಮಕ್ಕಳಿಂದ ಉರುಹೊಡೆಯಿಸಿದರೆ ಕೆಲಸ ಮುಗಿಯಿತೆಂದು ಎಣಿಸುವ ಉಪಾಧ್ಯಾಯರು ಬಹುಮಂದಿ. ಈ ಕ್ರಮವು ಇಂಗ್ಲೀಷನ್ನು ಕಲಿಸುವುದೂ ಇಲ್ಲ, ಕನ್ನಡವನ್ನು ಉಳಿಸುವುದೂ ಇಲ್ಲ ಎಂಬುದು ನಮ್ಮ ವಾದ.

ಬಾಗಲಗುಂಟೆಯಂತಹ ಊರಿನಲ್ಲಿ ಇದು ಪಂಡಿತರ ಹರಟೆಯ ಮಾತಲ್ಲ. ೨೦೦೭ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಈ ಊರಿನಲ್ಲಿಯೂ ಸುತ್ತಮುತ್ತಲೂ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಬಂದ ಸಂಸಾರಗಳು ಎಷ್ಟೋ ನೆಲೆಸಿವೆ. ೨೦೦೭-೦೮ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಬಂದಿತು. ೨೦೧೯-೨೦ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲೀಷು ಮಾಧ್ಯಮದ ವಿಭಾಗಗಳೂ ತೆರೆದವು. ಮನೆಯಲ್ಲಿ ತಿದ್ದುವವರಿಲ್ಲದ ಮಗುವಿಗೆ ಶಾಲೆಯ ಪಾಠವೇ ಸರ್ವಸ್ವ. ಆ ಪಾಠವು ಅಡ್ಡದಾರಿ ಹಿಡಿಸಿದರೆ, ಮುಂದೆ ಕೆಲಸಕ್ಕಾಗಿ ನಾಲ್ವರೆದುರು ಕುಳಿತಾಗ ತಲೆತಗ್ಗಿಸಬೇಕಾದವನು ಉಪಾಧ್ಯಾಯನಲ್ಲ, ಆ ಮಗು.

ಕನ್ನಡದಲ್ಲಿ ಹೋಲಿಕೆ ನಡೆಯುವ ಬಗೆಯನ್ನು ಮೊದಲು ನೋಡೋಣ. 'ಬಾಗಲಗುಂಟೆಗೆ ಯಶವಂತಪುರಕ್ಕಿಂತ ಪೀಣ್ಯ ಹತ್ತಿರ' ಎನ್ನುತ್ತೇವೆ. ಇಲ್ಲಿ 'ಹತ್ತಿರ' ಎಂಬ ಮಾತು ಸ್ವಲ್ಪವೂ ಬದಲಾಗಲಿಲ್ಲ. ಹೋಲಿಕೆಯ ಭಾರವನ್ನೆಲ್ಲ ಚತುರ್ಥಿಯ ಮೇಲೆ ಬಂದ 'ಇಂತ' ಎಂಬುದೇ ಹೊತ್ತಿತು. 'ಯಶವಂತಪುರ, ಪೀಣ್ಯ, ದಾಸರಹಳ್ಳಿ, ಈ ಮೂರರಲ್ಲಿ ದಾಸರಹಳ್ಳಿಯೇ ಹತ್ತಿರ' ಎಂದಾಗಲೂ ಅಷ್ಟೆ. ಸಪ್ತಮಿಯೂ ಅವಧಾರಣೆಯ 'ಏ'ಕಾರವೂ ಸೇರಿ ಕೆಲಸವನ್ನು ಪೂರೈಸಿದವು. ಕನ್ನಡವು ಹೋಲಿಕೆಯನ್ನು ನಾಮಪದದ ಮೇಲಿಡುತ್ತದೆ. ಇಂಗ್ಲೀಷು 'ದ್ಯಾನ್' ಎಂಬುದನ್ನು ಇಟ್ಟುಕೊಂಡೂ ಗುಣವಾಚಕದ ರೂಪವನ್ನು ಬದಲಾಯಿಸುತ್ತದೆ, ಇಲ್ಲವೆ ಅದರ ಹಿಂದೆ 'ಮೋರ್' ಎಂಬುದನ್ನು ನಿಲ್ಲಿಸುತ್ತದೆ. ಭೇದವಿರುವುದು ಇಲ್ಲಿ.

ಈ ಭೇದವನ್ನು ಹೇಳದೆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಆಗುವುದೇನು? 'ಗಿಂತ' ಬಂದರೆ ಸಾಕೆಂದು ತಿಳಿದ ಹುಡುಗನು 'ಟಾಲ್ ದ್ಯಾನ್' ಎಂದು ಬರೆಯುತ್ತಾನೆ. 'ಹೆಚ್ಚು' ಎಂಬುದಕ್ಕೆ 'ಮೋರ್' ಎಂದು ಕಲಿತವನು 'ಮೋರ್ ಬೆಟರ್' ಎನ್ನುತ್ತಾನೆ. ಲ್ಯಾಟಿನ್ನಿನಿಂದ ಬಂದ 'ಸೀನಿಯರ್', 'ಜೂನಿಯರ್' ಮೊದಲಾದವು 'ದ್ಯಾನ್' ಬಿಟ್ಟು 'ಟು' ಎಂಬುದನ್ನು ಬಯಸುತ್ತವೆಂದು ತಿಳಿಯದೆ 'ಸೀನಿಯರ್ ದ್ಯಾನ್' ಎಂದು ಜೋಡಿಸುತ್ತಾನೆ. ಇವು ಮಂದಬುದ್ಧಿಯ ತಪ್ಪುಗಳಲ್ಲ. ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲ ಮಗುವಿನ ತರ್ಕಬದ್ಧವಾದ ತಪ್ಪುಗಳು. ಅವಕ್ಕೆ ಬೆತ್ತವೂ ನಗೆಯೂ ಮದ್ದಲ್ಲ.

ಇನ್ನು ಕನ್ನಡಕ್ಕಾದ ಹಾನಿ. ಪೀಣ್ಯವನ್ನು 'ಏಷ್ಯಾದ ಅತ್ಯಂತ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು' ಎಂದು ವರ್ಣಿಸುವುದು ರೂಢಿಯಾಗಿದೆ. ಇಂಗ್ಲೀಷಿನಲ್ಲಿ ಈ ವಾಕ್ಯರಚನೆ ಸಹಜ. ಕನ್ನಡದಲ್ಲಿ 'ಅತ್ಯಂತ' ಎಂದರೆ ಮಿತಿಮೀರಿದ, ಬಹಳವಾದ ಎಂದರ್ಥವೇ ಹೊರತು ಎಲ್ಲಕ್ಕಿಂತ ಮಿಗಿಲಾದ ಎಂದಲ್ಲ. 'ಏಷ್ಯಾದ ಹಿರಿಯ ಕೈಗಾರಿಕಾ ಪ್ರದೇಶಗಳಲ್ಲಿ ಪೀಣ್ಯವೂ ಒಂದು' ಎಂದರೆ ಒಂದು 'ಊ'ಕಾರದಿಂದಲೇ ಅರ್ಥವು ಪೂರ್ಣವಾಗುತ್ತಿತ್ತು. 'ಅತ್ಯಂತ ಶ್ರೇಷ್ಠ', 'ಅತ್ಯಂತ ಗರಿಷ್ಠ' ಎಂಬವು ಇದೇ ಜಾತಿಯವು. ಅತಿಶಯಾರ್ಥದಲ್ಲಿ ತಮ, ಇಷ್ಠ ಎಂಬ ಪ್ರತ್ಯಯಗಳನ್ನೂ, ಎರಡರಲ್ಲಿ ಒಂದರ ಹೆಚ್ಚಳವನ್ನು ಹೇಳುವಾಗ ತರ, ಈಯಸ್ ಎಂಬವನ್ನೂ ಪಾಣಿನಿಯು ವಿಧಿಸಿದ್ದಾನೆ. ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ ಎಲ್ಲವೂ ಇಷ್ಠಾಂತವಾದವು, ತುದಿಯನ್ನು ಮುಟ್ಟಿರುವವು. ಶ್ರೇಷ್ಠತಮವೆಂಬ ರೂಪ ವೇದದಲ್ಲಿಯೇ ಉಂಟಲ್ಲ ಎಂದು ಕೇಳುವವರಿರಬಹುದು. ಉಂಟು, ನಿಜ. ಯಜ್ಞದ ಮಂತ್ರಕ್ಕೆ ಒಪ್ಪಿದ ಆ ಗಾಂಭೀರ್ಯವು ಅಂಗಡಿಯ ಫಲಕಕ್ಕೂ ಒಪ್ಪುವುದೆಂದು ಇದರಿಂದ ಸಿದ್ಧವಾಗುವುದಿಲ್ಲ.

ಕನ್ನಡದಲ್ಲಿ ತರ-ತಮಗಳ ಪ್ರತ್ಯಯವಿಲ್ಲ, ಆದುದರಿಂದ ಅದು ಬಡ ಭಾಷೆ ಎಂಬ ಮಾತನ್ನೂ ಕೇಳಿದ್ದೇವೆ. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆಯನ್ನು ಇವರು ಕೇಳಿಲ್ಲವೆ? ಇಲ್ಲವೆಂಬ ಒಂದು ಮಾತಿನಿಂದ ತುದಿಯ ಮೆಟ್ಟಿಲನ್ನು ಹತ್ತಿಸುವ ಭಾಷೆ ಇದು. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿಯೆಂದು ಓದುವ ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು, ತುತ್ತತುದಿ ಎಂಬವು ಅತಿಶಯವಲ್ಲದೆ ಮತ್ತೇನು? ಪ್ರತ್ಯಯವಿಲ್ಲದಿರುವುದು ಬಡತನವಲ್ಲ, ಬೇರೆಯ ಸಂಸಾರಕ್ರಮ.

ಉರುಹೊಡೆದೇ ನಾವು ಕಲಿತೆವಲ್ಲ ಎನ್ನುವ ಹಿರಿಯರಿಗೆ ನಮ್ಮ ಉತ್ತರವಿಷ್ಟೆ: ಉರುಹೊಡೆದವರೆಲ್ಲರೂ ಕಲಿಯಲಿಲ್ಲ, ಕಲಿಯದವರು ಈ ಚರ್ಚೆಗೆ ಬರುವುದಿಲ್ಲ. 'ಗುಡ್, ಬೆಟರ್' ಎಂಬಂತಹ ನಿಯಮತಪ್ಪಿದ ರೂಪಗಳನ್ನು ಬಾಯಿಪಾಠವೇ ಮಾಡಬೇಕು, ಒಪ್ಪಿದೆವು. ಆದರೆ ಬಾಯಿಪಾಠವು ತಿಳಿವಳಿಕೆಯ ಬಳಿಕ ಬರತಕ್ಕದ್ದು. ಹಾಡ್ಸನ್, ಕಿಟ್ಟೆಲ್ ಮೊದಲಾದವರು ಕನ್ನಡ ವ್ಯಾಕರಣವನ್ನು ಇಂಗ್ಲೀಷಿನಲ್ಲಿ ಬರೆದರು. ಕಿಟ್ಟೆಲರದು ೧೯೦೩ರಲ್ಲಿ ಹೊರಬಂದಿತು. ಓದುವವನು ಬಲ್ಲ ಭಾಷೆಯಲ್ಲಿ ನಿಂತು ಅವನರಿಯದ ಭಾಷೆಯನ್ನು ಅವರು ವಿವರಿಸಿದರು. ನಮ್ಮ ಮಕ್ಕಳಿಗೆ ಆ ಸೌಕರ್ಯವನ್ನು ನಿರಾಕರಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಆದುದರಿಂದ ಉಪಾಧ್ಯಾಯರು ಮೊದಲು ಕನ್ನಡದ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಹೋಲಿಕೆಯು ಎಲ್ಲಿ ಕುಳಿತಿದೆಯೆಂದು ಮಕ್ಕಳಿಂದಲೇ ಹೇಳಿಸಲಿ. ಬಳಿಕ ಇಂಗ್ಲೀಷಿನಲ್ಲಿ ಅದು ಎಲ್ಲಿಗೆ ಸರಿಯಿತೆಂದು ತೋರಿಸಲಿ. 'ಹೆಚ್ಚು ಒಳ್ಳೆಯ' ಎಂಬ ಕೃತಕ ಅರ್ಥವನ್ನು ಪುಸ್ತಕಗಳಿಂದ ತೆಗೆಯಲಿ. ಮನೆಯಲ್ಲಿ ಓದುಬರಹ ಬಲ್ಲ ತಾಯ್ತಂದೆಗಳೂ ಹೀಗೆಯೇ ಹೇಳಿಕೊಡಲಿ. ಒಂದು ಭಾಷೆ ಮೇಲು, ಒಂದು ಕೀಳು ಎಂಬ ತಾರತಮ್ಯವನ್ನು ಬಿಟ್ಟು ಕಲಿಸಿದಲ್ಲದೆ ತರತಮಗಳ ಪಾಠವು ಮಕ್ಕಳಿಗೆ ಹತ್ತುವುದಿಲ್ಲ.