ಇಟ್ಟಿಗೆ ಇಡುವವರು ನಾವಾಗದಿರೋಣ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1979ರಲ್ಲಿ ‘ಅನದರ್ ಬ್ರಿಕ್ ಇನ್ ದ ವಾಲ್, ಭಾಗ 2’ ಹಾಡನ್ನು ಹೊರತಂದಿತು. ಕುಣಿಸುವ ಡಿಸ್ಕೋ ತಾಳ. ಒಳಗೆ ಮಾತ್ರ ಶಾಲೆಯ ಮೇಲಿನ ಸಿಟ್ಟು. ಅದರಲ್ಲಿ ದನಿಗೂಡಿಸಿದವರು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳು. ಹಾಡಲು ಬಿಟ್ಟವರು ಅವರ ಸಂಗೀತದ ಮೇಷ್ಟ್ರೇ!

1980ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಶಿಕ್ಷಣ ವಿರೋಧಿಸಿ ತರಗತಿ ಬಿಟ್ಟ ಮಕ್ಕಳೂ ಇದನ್ನೇ ಹಾಡಿದರು. ಸರ್ಕಾರ ಹಾಡನ್ನೇ ನಿಷೇಧಿಸಿತು.

ಮೇಷ್ಟ್ರುಗಳಾದ ನಾವು ಈ ಹಾಡಿಗೆ ಮುನಿಯಬೇಕಿಲ್ಲ. ಮಕ್ಕಳು ಬೇಡವೆಂದದ್ದು ಕಲಿಕೆಯನ್ನಲ್ಲ, ಅವಮಾನವನ್ನು. ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಿಗೆ ಒಂದೊಂದು ಮಗುವೂ ಮುಖ್ಯ. ‘ದಡ್ಡ’ ಎಂಬ ನಮ್ಮ ಒಂದು ಮಾತು ಸಾಕು, ಅದು ಶಾಲೆಯನ್ನೂ ಕನ್ನಡವನ್ನೂ ಒಟ್ಟಿಗೇ ಬಿಟ್ಟೀತು. ಗೋಡೆ ಕಟ್ಟುವುದು ನಮ್ಮ ಕೆಲಸವಲ್ಲ, ಬಾಗಿಲು ತೆರೆಯುವುದು.