ಮರಗಳಿಗೂ ಒಂದು ವೀರಗಲ್ಲು



ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿ ಪ್ಲಾಂಟೇಶನ್‌ನಲ್ಲಿ 2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಸುಮಾರು 120 ಎಕರೆ ಒತ್ತುವರಿ ತೆರವು ಮಾಡಿತು. 1896ರಲ್ಲೇ ಅರಣ್ಯವೆಂದು ಅಧಿಸೂಚನೆಯಾದ ಜಾಗವದು. ಆಗ ಕೇಳಿಬಂದದ್ದೆಲ್ಲ ಜಮೀನಿನ ಸಾವಿರಾರು ಕೋಟಿ ಬೆಲೆಯ ಮಾತು. ಒತ್ತುವರಿಗೆ ಬಲಿಯಾದ ಮರಗಳನ್ನು ನೆನೆದವರು ಕಡಿಮೆ.

ಅಲ್ಲೊಂದು ಸ್ಮಾರಕ ಬೇಕು. ಟೇಪು ಕತ್ತರಿಸುವ ಸಮಾರಂಭ ಬೇಡ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ ಬೆಂಗಳೂರು ಕಾಳಗವನ್ನು ಹೇಳುವ, ಕ್ರಿ.ಶ. 890ರ ಸುಮಾರಿನ ವೀರಗಲ್ಲು ಶಾಸನವಿದೆ. ಮಡಿದವರಿಗೆ ಕಲ್ಲು ನಿಲ್ಲಿಸಿ ಪೂಜಿಸುವುದು ಈ ಸೀಮೆಗೆ ಹೊಸದಲ್ಲ. ಮರಗಳಿಗೂ ಹಾಗೇ ನಿಲ್ಲಿಸೋಣ: ಅರಳಿ-ಬೇವಿನ ಕಟ್ಟೆ, ಅದರ ಮೇಲೊಂದು ನಾಗರಕಲ್ಲು, ಸರ್ವೆ ನಂಬರ್ ಕೆತ್ತಿದ ಕಲ್ಲು, ಅದಕ್ಕೆ ಅರಿಶಿನ ಕುಂಕುಮ, ಮಹಾಲಯ ಅಮಾವಾಸ್ಯೆಗೆ ಒಂದು ಎಡೆ. ನಾಗರಕಲ್ಲಿನ ಮುಂದೆ ಜೆಸಿಬಿ ಚಾಲಕನೂ ಹಿಂದೆಮುಂದೆ ನೋಡುತ್ತಾನೆ. ಕೋರ್ಟಿಗೆ ಅಂಜದ ಬಿಲ್ಡರ್ ಕೂಡ ಸರ್ಪದೋಷಕ್ಕೆ ಅಂಜುತ್ತಾನೆ!

ಒಂದೇ ಷರತ್ತು. ಕಟ್ಟೆಗೆ ಚಾವಣಿ, ಹುಂಡಿ, ಸಮಿತಿ ಕೂಡದು. ಶೀಟು ಹೊದಿಸಿ, ಮಂಟಪ ಎಬ್ಬಿಸಿ, ಬಾಡಿಗೆ ಮಳಿಗೆ ಕಟ್ಟಿದರೆ ದೇವರೇ ಒತ್ತುವರಿದಾರನಾದಂತೆ. ಪೀಣ್ಯ-ಜಾಲಹಳ್ಳಿ ಪ್ಲಾಂಟೇಶನ್ನಿನಲ್ಲಿ ಅರಣ್ಯ ಇಲಾಖೆಗೂ ಎಚ್‌ಎಂಟಿ ಕಂಪನಿಗೂ ಇರುವ ಜಾಗದ ವ್ಯಾಜ್ಯಕ್ಕೂ ಇಂಥದ್ದೊಂದು ಗಡಿಕಲ್ಲು ಬೇಕು. ಮುಂದಿನ ಮುಂಗಾರಿನೊಳಗೆ ಅರಣ್ಯ ಇಲಾಖೆ ಜಾಗ ಗುರುತಿಸಿಕೊಟ್ಟರೆ ಸಸಿ, ನೀರು, ಕಾವಲು ನಾವು ಊರವರು ನೋಡಿಕೊಳ್ಳುತ್ತೇವೆ.

— ಕಾಡುಗೋಡಿಯ ಓದುಗ